ಬಾನಿಯ ಅಂಚಿನ ಬಿಳಿ ಹಕ್ಕಿ

ಕಣ್ಣಿಗೆ ಕಾಣದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಯಾರಾದರೂ ದೆವ್ವ, ಶಕುನ ಎಂದು ಮಾತು ತೆಗೆದರೆ ನಕ್ಕು ಎದ್ದು ಹೋಗುತ್ತಿದ್ದೆ. ಇದನ್ನು ಓದಿ ನೀವು ನಕ್ಕರೂ ನನ್ನ ತಕರಾರಿಲ್ಲ.

ಏಕೀಕರಣವಾಗಿ ನಾಲ್ಕೈದು ವರ್ಷವಾಗಿದ್ದಿರಬೇಕು. ಚಿಕ್ಕೇರೂರಿನಲ್ಲಿ ನಾನು ಶಾಲಾ ಮಾಸ್ತರ. ಬಾಡಿಗೆ ಮನೆ ಸಣ್ಣದು, ಹಿತ್ತಲು ಮಾತ್ರ ದೊಡ್ಡದು. ಒಂದು ನುಗ್ಗೆ, ಒಂದು ಪೇರಲ, ಬಚ್ಚಲ ನೀರು ಕುಡಿದು ಬೆಳೆದ ನಾಲ್ಕು ಬಾಳೆ. ಹಿಂದಿನವರು ದನಕ್ಕೆಂದು ಇಟ್ಟಿದ್ದ ಕಲ್ಲಿನ ಬಾನಿಗೆ ದಿನಾ ನೀರು ತುಂಬಿಸುತ್ತಿದ್ದೆ. ಪಿಕಳಾರ, ಗೊರವಂಕ, ಬೆಳವ ಹಕ್ಕಿಗಳು ಬಂದು ಕುಡಿಯುತ್ತಿದ್ದವು, ಮೀಯುತ್ತಿದ್ದವು. ಶಾಲೆಗೆ ಹೋಗುವ ಮೊದಲು ಹಿಂಬಾಗಿಲ ಹೊಸ್ತಿಲಲ್ಲಿ ಕುಳಿತು ಅವನ್ನು ನೋಡುವುದು, ನೋಟಬುಕ್ಕಿನಲ್ಲಿ ಬರೆದಿಡುವುದು ನನ್ನ ಚಟ. ಆರು ವರ್ಷದ ಮಗಳು ಕುಸುಮ ನನಗೆ ಆತು ಕೂಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ನನ್ನ ತೋಳು ಜಗ್ಗಿದಳು. “ಅಪ್ಪಾ, ಬಾನಿ ಮ್ಯಾಲ ನೋಡು, ಬಿಳಿ ಹಕ್ಕಿ! ತಲಿ ಕರ್ರಗೈತಿ. ಬಾಲ ನನ್ನ ರಿಬ್ಬನ್ನಿಗಿಂತ ಉದ್ದ ಐತಿ.”

ಬಾನಿಯ ಮೇಲೆ ಏನೂ ಇರಲಿಲ್ಲ. ಅಂಥ ಹಕ್ಕಿ ಹಾನಗಲ್ಲಿನ ಆಚೆಯ ಅಡವಿಯಲ್ಲಿದೆಯೆಂದು ಕೇಳಿದ್ದೆನೇ ಹೊರತು ನಾನು ಕಂಡಿರಲಿಲ್ಲ. ಮರುದಿನವೂ ಅವಳದು ಅದೇ ಮಾತು. ಮೂರನೆಯ ದಿನ “ಇದನ್ನೂ ಬರಿ” ಎಂದು ನೋಟಬುಕ್ಕನ್ನು ಮುಖದ ಮುಂದೆ ಹಿಡಿದಾಗ ರೇಗಿತು. “ಮಾಸ್ತರ ಮಗಳಾಗಿ ಸುಳ್ಳು ಹೇಳ್ತೀಯೇನ?” ಎಂದು ಬೆನ್ನಿಗೊಂದು ಏಟು ಕೊಟ್ಟೆ. ಅವಳು ಅಳಲಿಲ್ಲ. ಬಾನಿಯತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿ ಒಳಗೆ ಹೋದಳು. ಆಮೇಲೆ ನನ್ನ ಜೊತೆ ಕೂಡಲು ಬರಲಿಲ್ಲ.

ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಚಕ್ಕಡಿ ಕಟ್ಟಿಕೊಂಡು ಹಿರೇಕೆರೂರಿಗೆ ಒಯ್ದು ಡಾಕ್ಟರಿಗೆ ತೋರಿಸಿದೆವು. ತಪ್ಪಾಯಿತು ಎಂದು ಅವಳಿಗೆ ಹೇಳಬೇಕೆಂದು ಎಷ್ಟೋ ಸಲ ಹಾಸಿಗೆಯ ಬಳಿ ಕುಳಿತೆ. ಎಚ್ಚರವಾದಾಗ ಹೇಳಿದರಾಯಿತು ಎಂದುಕೊಂಡು ಸುಮ್ಮನಾದೆ. ಹನ್ನೆರಡನೆಯ ದಿನ ಹೋಗಿಬಿಟ್ಟಳು.

ಹಕ್ಕಿ ನೋಡುವುದನ್ನು ಬಿಟ್ಟೆ. ಬಾನಿಗೆ ನೀರನ್ನು ಮಾತ್ರ ನನ್ನ ಹೆಂಡತಿ ಗಂಗವ್ವ ತಪ್ಪದೆ ತುಂಬಿಸುತ್ತಿದ್ದಳು. ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ಬೆಳಿಗ್ಗೆ ಮುಖ ತೊಳೆಯಲೆಂದು ಹಿತ್ತಲ ಬಾಗಿಲಿಗೆ ಬಂದವನು ಅಲ್ಲೇ ನಿಂತೆ. ಒಳ್ಳೆಯ ಬಿಸಿಲಿತ್ತು. ಬಾನಿಯ ಅಂಚಿನಲ್ಲಿ ಅದು ಕೂತಿತ್ತು. ಹಾಲಿನಂಥ ಮೈ, ಕರಿಯ ತಲೆ, ನೆಲದತ್ತ ಇಳಿಬಿದ್ದ ಎರಡು ಉದ್ದನೆಯ ಗರಿ.

ಬಿಳಿ ಹಕ್ಕಿ ಬಂದೈತಿ, ಬಾ ಎಂದು ಮೆಲ್ಲಗೆ ಗಂಗವ್ವನನ್ನು ಕರೆದೆ. ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದಳು.

“ಎಲ್ಲೈತ್ರಿ?”

“ಅಲ್ಲೇ, ಬಾನಿ ಅಂಚಿನ್ಯಾಗ. ನೀರು ಕುಡಿಯಾಕತ್ತೈತಿ.”

ಅವಳು ಬಹಳ ಹೊತ್ತು ನೋಡಿದಳು. “ನೀರು ಅಳ್ಳಾಡಾಕತ್ತೈತ್ರಿ. ಗಾಳಿನೂ ಇಲ್ಲ. ಆದ್ರ ಹಕ್ಕಿ ಕಾಣವಲ್ದು.”

ನಾನು ಬಾನಿಯತ್ತ ಬೆರಳು ಮಾಡಿದೆ. “ಖರೇನ ಐತಿ. ನಾ ಸುಳ್ಳು ಹೇಳಾಕತ್ತಿಲ್ಲ.”

ಅವಳು ಹೊಸ್ತಿಲಲ್ಲಿ ನನ್ನ ಪಕ್ಕ ಕುಳಿತಳು. “ನಿಮಗ ಕಾಣತೈತಲ್ಲ, ಸಾಕು. ಹೆಂಗೈತಿ ಹೇಳ್ರಿ.”

ಹೇಳತೊಡಗಿದೆ. ಬಾಲದ ಮಾತು ಬಂದಾಗ, “ಕುಸುಮನ ರಿಬ್ಬನ್ನಿಗಿಂತ ಉದ್ದ ಐತಿ” ಎಂದೆ. ಕಣ್ಣೊರೆಸಿಕೊಂಡು ನೋಡಿದರೆ ಹಕ್ಕಿ ಇರಲಿಲ್ಲ.

ಮತ್ತೆಂದೂ ಅದನ್ನು ನಾನು ಕಾಣಲಿಲ್ಲ. ದುಃಖದ ಕಣ್ಣು ತನಗೆ ಬೇಕಾದ್ದನ್ನು ತೋರಿಸುತ್ತದೆ ಎಂದು ತಿಳಿದವರು ಹೇಳಿದ್ದುಂಟು. ಇರಬಹುದು. ಆದರೆ ನೀರು ಅಲುಗಿದ್ದನ್ನು ಕಂಡವಳು ಗಂಗವ್ವ. ಅದಕ್ಕೇನು ಹೇಳಲಿ? ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ಆ ದಿನವೇ, ಮೊದಲ ಸಲ, ಮಗಳಿಗೆ ಕೊಟ್ಟ ಏಟಿನ ಸಂಗತಿಯನ್ನು ಗಂಗವ್ವನ ಮುಂದೆ ಬಾಯಿಬಿಟ್ಟೆ. ಅವಳು ಕೈಗಂಟಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು.

“ನನಗ ಗೊತ್ತೈತ್ರಿ,” ಎಂದಳು. “ಆವತ್ತ ಒಳಗ ಬಂದು ಹೇಳಿದ್ಳು. ‘ಯವ್ವಾ, ಅಪ್ಪಗ ಅದು ಕಾಣವಲ್ದು, ಪಾಪ’ ಅಂದ್ಳು.”