ಎಂಜಿನ್ ಬಂದ್ ಮಾಡದ ಮಿಸ್ತ್ರಿ

ಶಹಾಪುರದ ನಮ್ಮ ಓಣಿಯ ಮಿಸ್ತ್ರಿ ಡೀಸೆಲ್ ಗಾಡಿಯನ್ನು ರಿಪೇರಿ ಮಾಡುತ್ತಿರಲಿಲ್ಲ, ವಿಚಾರಣೆ ನಡೆಸುತ್ತಿದ್ದ. ತಂಗಿಗೆ ಹೆರಿಗೆ ನೋವು ಬಂದ ದಿನ ನಮ್ಮ ವ್ಯಾನು ಚಾಲೂ ಆಗಲಿಲ್ಲ. ಆತ ನನ್ನ ಕೈಲಿ ಕೀಲಿ ತಿರುವಿಸಿ, ಸೀಟಿನ ಕೆಳಗಿನ ಎಂಜಿನ್ನಿಗೆ ಕಿವಿಗೊಟ್ಟು, ಹಿಂದೆ ನರಳುತ್ತಿದ್ದ ಅವಳಿಗೆ ಹೇಳಿದ: “ಸ್ವಲ್ಪ ಸುಮ್ಮನಿರವ್ವ, ಗಾಡಿ ಏನೋ ಹೇಳಾಕತ್ತೈತಿ.”

“ಅದು ಒದರಿದ್ರ ನಾ ಯಾಕ ಇಲ್ಲಿ ಒದರ್ತಿದ್ದೆ, ಕಾಕಾ?”

“ಪೈಪಿನ್ಯಾಗ ಗಾಳಿ ಹೊಕ್ಕೈತಿ” ಎಂದು ತೀರ್ಪಿತ್ತು, ಡೀಸೆಲ್ಲಿನ ಕೈಪಂಪು ಒತ್ತಿದ. ಎಂಜಿನ್ ಗುಡುಗಿತು, ಕೈ ಬಿಟ್ಟರೆ ಕೆಮ್ಮುತ್ತಿತ್ತು. ಹಾಗಾಗಿ ನಾನು ಗಾಡಿ ಓಡಿಸಿದೆ, ಆತ ಪಕ್ಕದಲ್ಲಿ ಕೂತು ಯಾದಗಿರಿಯ ದವಾಖಾನೆಯವರೆಗೂ ಪಂಪು ಒತ್ತುತ್ತಲೇ ಬಂದ.

ತಂಗಿಯನ್ನು ದವಾಖಾನೆಯೊಳಗೆ ಒಯ್ದ ಮೇಲೆ, “ಇನ್ನ ಬಂದ್ ಮಾಡ್ರಿ, ಕಾಕಾ” ಎಂದೆ.

ಆತ ಪಂಪಿನಿಂದ ಕೈ ತೆಗೆಯಲಿಲ್ಲ. “ಡಾಕ್ಟರು ಇಲ್ಲಿ ಆಗಂಗಿಲ್ಲ, ಕಲಬುರಗಿಗೆ ಒಯ್ಯಿರಿ ಅಂದ್ರ ಏನ್ ಮಾಡ್ತಿ?”

ಕೂಸಿನ ಅಳು ಕೇಳಿಸುವವರೆಗೂ ವ್ಯಾನು ದವಾಖಾನೆಯ ಬಾಗಿಲಲ್ಲಿ ಗುಡುಗುತ್ತಲೇ ಇತ್ತು.