ಹಾಯಗಡದಲ್ಲಿ ದೀಪ ಹಿಡಿದ ಮಾವ

ನಾನು ಶಾಲೆ ಬಿಟ್ಟದ್ದು ೧೯೩೧ರಲ್ಲಿ, ನಾಲ್ಕನೆಯ ಜಮಾತಿನ ನಡುವೆ. ಅದೇ ವರ್ಷ ನಾನು ಮಾವನನ್ನು ಮೊದಲ ಸಲ ಹತ್ತಿರದಿಂದ ನೋಡಿದೆ, ನೋಡಿ ನಕ್ಕೆ. ಅವನ ಬಲಗಣ್ಣಿನ ಮೇಲೆ ಹುಬ್ಬೇ ಇರಲಿಲ್ಲ. ಎಡಗಡೆ ಕಂಬಳಿಹುಳದಂಥ ದಪ್ಪ ಹುಬ್ಬು, ಬಲಗಡೆ ಹೊಳೆಯುವ ನುಣ್ಣನೆ ಚರ್ಮ. ಸಿಟ್ಟು ಬಂದಾಗ ಒಂದು ಕಣ್ಣು ಸಿಟ್ಟಾಗಿ, ಇನ್ನೊಂದು ಬೆರಗಾದ ಹಾಗೆ ಕಾಣುತ್ತಿತ್ತು. ವಯಸ್ಸಿನಲ್ಲಿದ್ದಾಗ ಪಂಜು ಹಿಡಿದು ರಾತ್ರಿ ಮೀನು ಹಿಡಿಯುತ್ತಿದ್ದನಂತೆ. ಗಾಳಿ ತಿರುಗಿ ಉರಿ ಮುಖಕ್ಕೆ ಬಂದು ಹುಬ್ಬು ಹೋಯಿತು, ಮತ್ತೆ ಬೆಳೆಯಲಿಲ್ಲ. "ಹುಬ್ಬ ಹೋತು, ಆದ್ರ ಅವತ್ತು ಬುಟ್ಟಿ ತುಂಬಿತ್ತು ಬಿಡು," ಎಂದು ಹೇಳಿ ನಗುತ್ತಿದ್ದ.

ಆಗ ಅವನು ನನಗೆ ಮಾವನಲ್ಲ, ಊರಿನ ಅಂಬಿಗ ಅಷ್ಟೆ. ಮುಂದೆ ಅವನ ಮಗಳನ್ನು ಮದುವೆಯಾದೆ.

ನಮ್ಮೂರು ಘತ್ತರಗಿಯಿಂದ ಒಂದೂವರೆ ಹರದಾರಿ ಮೇಲಕ್ಕೆ, ಭೀಮಾ ಹೊಳೆಯ ದಂಡೆಗೆ ಇದೆ. ಆಗ ಆಚೆ ದಂಡೆ ಇಂಗ್ಲಿಷರದು, ಈಚೆ ದಂಡೆ ನಿಜಾಮರದು. ಮಳೆಗಾಲದಲ್ಲಿ ಮಾವ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ. ಹೊಳೆ ಇಳಿದ ಮೇಲೆ ಜನ ನಡೆದೇ ದಾಟುತ್ತಿದ್ದರು. ಮೊಣಕಾಲು ನೀರಿನ ಆ ಜಾಗಕ್ಕೆ ನಾವು ಹಾಯಗಡ ಅನ್ನುತ್ತೇವೆ. ಅಮಾವಾಸ್ಯೆಗೆ ಘತ್ತರಗಿ ದೇವಿಗೆ ಹೋಗುವವರು ಬಿಸಿಲು ತಪ್ಪಿಸಲು ರಾತ್ರಿ ಹೊರಟು ಆಚೆ ದಂಡೆಗೆ ಬಂದು ನಿಲ್ಲುತ್ತಿದ್ದರು. ಮಾವ ಈಚೆ ದಂಡೆಯ ಕಲ್ಲುಕಂಬಕ್ಕೆ ಕಂದೀಲು ಕಟ್ಟಿ ಕೂಗುತ್ತಿದ್ದ: "ದೀಪದ ಮ್ಯಾಲೆ ಕಣ್ಣಿಟ್ಟು ಸೀದಾ ಬರ್ರಿ! ಅತ್ಲಾಗಿತ್ಲಾಗ ಹೊಳ್ಳಬ್ಯಾಡ್ರಿ!" ಸೀದಾ ಬಂದರೆ ಮೊಣಕಾಲು ನೀರು. ಎಡಕ್ಕೆ ನೂರು ಹೆಜ್ಜೆ ಸರಿದರೆ ಎರಡಾಳು ಆಳದ ಮಡು. ಈ ಕೆಲಸಕ್ಕೆ ಊರವರು ಸುಗ್ಗಿಯಲ್ಲಿ ಅವನಿಗೆ ಜೋಳ ಅಳೆಯುತ್ತಿದ್ದರು. ಜೋಳಕ್ಕಿಂತ ಹೆಚ್ಚಾಗಿ ಅವನಿಗೆ ಊರಲ್ಲಿ ಒಂದು ಮಾನ ಇತ್ತು. ಯಾವ ಕಟ್ಟೆಗೆ ಹೋದರೂ ಸರಿದು ಜಾಗ ಕೊಡುತ್ತಿದ್ದರು.

ನಾನು ಸೋಲಾಪುರದ ಗಿರಣಿಯಲ್ಲಿ ಐದು ವರ್ಷ ದುಡಿದು ಊರಿಗೆ ಮರಳಿದೆ. ನಾಲ್ಕು ಗೋಡೆಯೊಳಗಿನ ಆ ಸದ್ದಿನಲ್ಲಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಊರಿಗೆ ಬಂದರೂ ಹತ್ತಲಿಲ್ಲ. ಕೈ ಸುಮ್ಮನಿರುತ್ತಿರಲಿಲ್ಲ. ಯಾರ ಕೈಕೆಳಗೂ ಇರಬಾರದು, ನನ್ನದೇ ಬಲೆ, ನನ್ನದೇ ಮೀನು ಎಂಬ ಹಟ. ಬರುವಾಗ ಒಂದು ಗ್ಯಾಸಬತ್ತಿ ತಂದಿದ್ದೆ. ಪಂಪು ಹೊಡೆದರೆ ಸುಯ್ಯೆಂದು ಬೆಳ್ಳಗೆ ಉರಿಯುವಂಥದು. ಮಾವ ಅದರ ಸುತ್ತ ಎರಡು ಸುತ್ತು ಹಾಕಿದ.

"ಏನ ಅಳಿಯಾ, ಮೆರವಣಿಗಿಗೆ ತಂದೀಯೋ, ಹೊಳೀಗೆ ತಂದೀಯೋ?"

"ಹೊಳೀಗೇರಿ."

"ಸೂರ್ಯಾನ್ನೇ ಹೊತ್ಕೊಂಡ ಬಂದ್ಯಲ್ಲಲೇ! ಮೀನ ಹಗಲಾತಂತ ತಿಳದು ಮಾರಿ ತೊಳ್ಕೊಳಾಕ ಎದ್ದ ಬರ್ತಾವ ನೋಡು."

ನಕ್ಕರೂ ಕಲಿಸಿದವನು ಅವನೇ. ಬತ್ತಿಯನ್ನು ಹರಿಗೋಲಿನ ಅಂಚಿಗೆ ಬಿದಿರಿನಿಂದ ಕಟ್ಟಬೇಕು, ಅಲುಗಬಾರದು. ನಮ್ಮ ನೆರಳು ಬೆಳಕಿನ ನೀರಿಗೆ ಬೀಳಬಾರದು. ಮೊದಲು ಬರುವ ಸಣ್ಣ ಮೀನಿಗೆ ಬಲೆ ಬೀಸಬಾರದು, ಅವನ್ನು ತಿನ್ನಲು ಕೆಳಗಿಂದ ಬಾಳೆಮೀನು ಏಳುವವರೆಗೆ ಕಾಯಬೇಕು. ನನಗೆ ಕಾಯುವುದೇ ಬರುತ್ತಿರಲಿಲ್ಲ. ಬಲೆ ಎತ್ತಿದೊಡನೆ ನನ್ನ ಮೊಣಕೈ ಹಿಡಿದು ಪಿಸುಗುಡುತ್ತಿದ್ದ: "ತಡಿ, ಇನ್ನೂ ಮಂದಿ ಬರೋದದ." ಅವನಿಗೆ ಮೀನೂ ಮಂದಿಯೇ, ಹೊಳೆ ದಾಟುವವರೂ ಮಂದಿಯೇ.

ಬೆಳದಿಂಗಳಲ್ಲಿ ಬತ್ತಿ ದಂಡ, ನೀರೆಲ್ಲ ಬೆಳಕಾಗಿರುವಾಗ ಮೀನು ಯಾಕೆ ಬಂದಾವು? ಕತ್ತಲೆ ಹೆಚ್ಚಿದಷ್ಟೂ ಬುಟ್ಟಿ ತುಂಬುತ್ತಿತ್ತು. ಅಮಾವಾಸ್ಯೆಯೇ ಎಲ್ಲಕ್ಕಿಂತ ಒಳ್ಳೆಯ ರಾತ್ರಿ. ಆದರೆ ಅಮಾವಾಸ್ಯೆಯ ರಾತ್ರಿ ಹೊಳೆಯಲ್ಲಿ ಹಾಯಗಡದ ಕಂದೀಲು ಬಿಟ್ಟು ಬೇರೆ ದೀಪ ಹಚ್ಚಬಾರದೆಂಬುದು ಮಾವನ ಅಪ್ಪನ ಕಾಲದಿಂದ ಬಂದ ಕಟ್ಟು.

"ತಿಂಗಳದಾಗ ಉಳಿದ ರಾತ್ರಿ ಎಲ್ಲಾ ನಿಂದು," ಎಂದ ಮಾವ. "ಅದೊಂದು ರಾತ್ರಿ ಹಾದಿ ಮಂದೀದು."

"ಅದೊಂದು ರಾತ್ರೀನ ಮೀನು ಬರ್ತಾವಲ್ರಿ ಮಾವಾ!"

"ಬರ್ಲಿ ಬಿಡು. ಮಂದೀನೂ ಬರ್ತಾರ."

ಎರಡು ಅಮಾವಾಸ್ಯೆ ಹಲ್ಲು ಕಚ್ಚಿ ಮನೆಯಲ್ಲಿ ಮಲಗಿದೆ. ಮಲಗಿದೆ ಎನ್ನುವುದು ಬಾಯಿಮಾತು, ಬೆಳಗಿನವರೆಗೆ ಹೊರಳಾಡಿದೆ. ಹೆಂಡತಿಗೆ ಆಗ ಆರು ತಿಂಗಳು. "ಏಳ್ರಿ, ಅಂಗಳದಾಗ ಅಡ್ಡಾಡ್ರಿ, ನನಗಾದ್ರೂ ನಿದ್ದಿ ಬರ್ಲಿ," ಎಂದು ಬೈದಳು. ಮೂರನೆಯ ಅಮಾವಾಸ್ಯೆಗೆ ತಡೆಯಲಾಗಲಿಲ್ಲ. ಮಡುವಿನ ಈಚೆಗೆ ಒಂದು ದೊಡ್ಡ ಬಂಡೆ ಇದೆ. ಅದರ ಮರೆಗೆ ಹರಿಗೋಲು ನಿಲ್ಲಿಸಿದರೆ ಮಾವನ ಕಂಬಕ್ಕೆ ಕಾಣುವುದಿಲ್ಲ ಎಂದು ಲೆಕ್ಕ ಹಾಕಿದೆ. ಅಲ್ಲಿಗೆ ಕಾಣುವುದಿಲ್ಲ, ನಿಜ. ಆಚೆ ದಂಡೆಗೆ ಕಾಣುತ್ತದೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ದಿನವೂ ಈಚೆ ದಂಡೆಯಿಂದಲೇ ಹೊಳೆ ನೋಡಿದವನು ನಾನು.

ಬತ್ತಿ ಹಚ್ಚಿದೆ. ಸಣ್ಣ ಮೀನು ನೊಣದ ಹಾಗೆ ಮುತ್ತಿದವು. ಕೆಳಗಿನಿಂದ ಕಪ್ಪಗೆ ಒಂದೊಂದೇ ಬೆನ್ನು ಏಳತೊಡಗಿತು. ಅವತ್ತು ನಾನು ಕಾದೆ, ಬಲೆ ಹೆಗಲಿಗೆ ಹಾಕಿಕೊಂಡು ಉಸಿರು ಬಿಗಿಹಿಡಿದು ಕಾದೆ.

ಹಿಂದಿನಿಂದ ಧಡಧಡ ನೀರು ತುಳಿದ ಸದ್ದು. ತಿರುಗುವಷ್ಟರಲ್ಲಿ ಮಾವ ಎದೆಮಟ್ಟ ನೀರಿನಲ್ಲಿ ಬಂದು ಬಿದಿರು ಹಿಡಿದು ಜಗ್ಗಿ, ಬತ್ತಿಯನ್ನು ಹೊಳೆಯಲ್ಲಿ ಅದ್ದಿಬಿಟ್ಟಿದ್ದ. ಗಾಜು ಪಟಾರೆಂದು ಒಡೆಯಿತು, ಎಲ್ಲ ಕಪ್ಪಾಯಿತು. ನಾನು ಹರಿಗೋಲಿನಿಂದ ಹಾರಿ ಅವನ ಕುತ್ತಿಗೆಗೆ ಕೈ ಹಾಕಿದೆ. ಹಾಕಿದ್ದು ನಿಜ, ಮುಚ್ಚಿಡುವುದಿಲ್ಲ.

ಮಾವ ನನ್ನ ಕೈ ಬಿಡಿಸಿಕೊಳ್ಳಲೂ ಇಲ್ಲ. ಹಾಗೇ ಆಚೆ ದಂಡೆಗೆ ಮುಖ ಮಾಡಿ ಕೂಗಿದ: "ಅಲ್ಲೇ ನಿಂದರ್ರಿ! ಯಾರೂ ಕಾಲ ಎತ್ತಬ್ಯಾಡ್ರಿ!"

ಆಗ ಕೇಳಿಸಿತು. ಮಡುವಿನ ಅಂಚಿನಲ್ಲಿ, ನಮ್ಮೆದುರಿಗೇ, ಮಂದಿಯ ದನಿ. ಆ ದನಿ ಹಾಯಗಡ ಬಿಟ್ಟು ಸರಿಯುವುದನ್ನು ಕೇಳಿಯೇ ಮಾವ ಓಡಿ ಬಂದಿದ್ದ. ಒಂದು ಕೂಸು ಅಳುತ್ತಿತ್ತು. ದೀಪದ ಮೇಲೆ ಕಣ್ಣಿಟ್ಟು ಸೀದಾ ಬಾ ಎಂದರೆ ದೊಡ್ಡ ದೀಪದ ಕಡೆಗೇ ಬಂದಿದ್ದರು. ಬೆಳಕು ಹೋದದ್ದೇ ಹೆದರಿ ನಿಂತರು. ಮುಂದಿದ್ದ ಒಬ್ಬ ಮುದುಕಿ ಮಾತ್ರ ಆಗಲೇ ಕಾಲು ಜಾರಿದ್ದಳು. ನಾನೂ ಮಾವನೂ ಈಜಿ ಹೋದೆವು. ಸೆರಗು ಸಿಕ್ಕಿತು, ಕೂದಲು ಸಿಕ್ಕಿತು, ಎಳೆದು ತಂದೆವು. ಬದುಕಿದಳು. ಉಳಿದ ಐವರನ್ನು ಮಾವ ಕೈ ಹಿಡಿದು ಹಾಯಗಡಕ್ಕೆ ತಿರುಗಿಸಿದ.

ಅವರನ್ನು ದಾಟಿಸಿ, ಮುದುಕಿಯನ್ನು ಕೂಡಿಸಿದ್ದ ಬಂಡೆಯ ಬಳಿಗೆ ಮರಳಿದಾಗ ಅವನ ಅಂಗಾಲಿನಲ್ಲಿ ಗಾಜು ನೆಟ್ಟಿತ್ತು. ನನಗೆ ಮೆಲ್ಲಗೆ ಹೇಳಿದ: "ಹರಗೋಲ ಬಂಡಿಗಲ್ಲಿನ ಹಿಂದ ಸರಸು. ಓಡಿ ನನ್ನ ಕಂದೀಲ ಇಲ್ಲಿ ತಗೊಂಬಾ. ಮಂದಿ ಮುಂದ ಬಾಯಿ ಬಿಡಬ್ಯಾಡ." ನಾನು ಓಡಿದೆ. ಯಾಕೆಂದು ಕೇಳಲಿಲ್ಲ. ಕಂದೀಲು ತಂದು ಬಂಡೆಯ ಮೇಲೆ ಇಡುವ ಹೊತ್ತಿಗೆ ಗದ್ದಲ ಕೇಳಿ ಊರವರು ಬಂದಿದ್ದರು.

"ಯಾಕೋ ಅಂಬಿಗಾ, ಕಂದೀಲ ಇಲ್ಯಾಕದ?"

"ಕಣ್ಣ ಮಂಜಾಗ್ಯಾವ್ರಿ. ಜಾಗ ತಪ್ಪಿ ಇಟ್ಟೆ. ನಡುವ ಆರೇ ಹೋತು," ಎಂದ ಮಾವ.

ಒದ್ದೆ ಸೀರೆಯಲ್ಲಿ ನಡುಗುತ್ತಿದ್ದ ಮುದುಕಿ, "ಇಲ್ರೋ ಯಪ್ಪಾ, ಚಂದ್ರಾಮನಂಥಾ ದೀಪ ಇತ್ತು," ಎಂದಳು.

"ಅಮಾಸಿ ದಿನ ಚಂದ್ರಾಮ ಎಲ್ಲಿಂದ ಬರ್ತಾನಬೇ ಮುದುಕಿ?" ಎಂದು ಒಬ್ಬ ನಕ್ಕ. ಎಲ್ಲರೂ ನಕ್ಕರು. ಮಾತು ಅಲ್ಲಿಗೇ ಮುಗಿಯಿತು.

ಮನೆಯಲ್ಲಿ ಅವನ ಕಾಲಿನ ಗಾಜು ಕೀಳುತ್ತ ಕೇಳಿದೆ, ಹೀಗೆ ಯಾಕೆ ಹೇಳಿದಿರಿ ಎಂದು. "ನಿಂದ ದೀಪ ಅಂತ ಗೊತ್ತಾದ್ರ ನಿನಗ ಹೊಳೀಗೆ ಇಳೀಲಾಕ ಬಿಡೂದಿಲ್ಲ," ಎಂದ. "ನೀ ಮತ್ತ ಸೋಲಾಪುರದ ಹಾದಿ ಹಿಡೀತಿ. ನನ್ನ ಮಗಳು ಹೊಟ್ಯಾಗಿನ ಕೂಸು ಕಟ್ಕೊಂಡು ಯಾರ ಮಾರಿ ನೋಡಬೇಕು? ನನಗೇನು, ಮುದುಕ. ಬೈದ್ರ ಬೈತಾರ."

ಬೈಗುಳಕ್ಕೆ ಮುಗಿಯಲಿಲ್ಲ. ಮರುದಿನ ಹಿರಿಯರು ಕೂಡಿ ಹಾಯಗಡದ ಕೆಲಸ ಅವನಿಂದ ತೆಗೆದರು. ಯಾರಿಗೆ ಕೊಡುವುದು? "ಅಳಿಯಾ ಅದಾನಲ್ಲ, ಗಟ್ಟಿ ಹುಡುಗ, ಮುದುಕೀನ್ನ ಎತ್ತಿದಾಂವ," ಎಂದರು. ಕಂದೀಲು ನನ್ನ ಕೈಗೆ ಕೊಟ್ಟರು. ಮಾವ ಕಂಬಕ್ಕೆ ಒರಗಿ ನಿಂತಿದ್ದ. ನಾನು ಬಾಯಿ ತೆರೆದೆ. ಅವನು ಹುಬ್ಬಿಲ್ಲದ ಕಣ್ಣಿನಿಂದ ನನ್ನನ್ನು ನೋಡಿದ. ಬಾಯಿ ಮುಚ್ಚಿದೆ.

ಆಮೇಲೆ ಅವನು ಆರು ವರ್ಷ ಬದುಕಿದ, ಕುಂಟುತ್ತ. ಕಟ್ಟೆಯಲ್ಲಿ ಯಾರೂ ಸರಿದು ಜಾಗ ಕೊಡಲಿಲ್ಲ. ಹುಡುಗರು "ಕಂದೀಲ ಆರಿಸಿದ ಮುತ್ಯಾ" ಎಂದು ಕೂಗುತ್ತಿದ್ದರು. "ಹೌದಲೇ, ನಾನೇ. ನಿಮ್ಮನಿ ದೀಪ ಹುಷಾರು," ಎಂದು ನಕ್ಕು ಮುಂದೆ ಹೋಗುತ್ತಿದ್ದ. ಪ್ರತಿ ಅಮಾವಾಸ್ಯೆಗೂ ಬಂದು ನನ್ನಿಂದ ಹತ್ತು ಮಾರು ದೂರ ಕೂಡುತ್ತಿದ್ದ. ದಾಟುವವರು ಮುಗಿದರೆಂದು ನಾನು ಏಳಲು ಹೋದರೆ ಕತ್ತಲಿನಿಂದ ದನಿ ಬರುತ್ತಿತ್ತು: "ತಡಿ, ಇನ್ನೂ ಮಂದಿ ಬರೋದದ." ಕಿವಿ ಅಷ್ಟು ಸೂಕ್ಷ್ಮ, ಬಂದೇ ಬರುತ್ತಿದ್ದರು. ಪ್ರತಿ ಸಲವೂ ಇವತ್ತು ಹೇಳುತ್ತೇನೆ, ನಾಳೆ ಕಟ್ಟೆಗೆ ಹೋಗಿ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಬೆಳಗಾದರೆ ಬಲೆ, ಮೀನು, ಸಂತೆ.

ನಿಜಾಮರ ಆಳ್ವಿಕೆ ಮುಗಿಯುವ ಹಿಂದಿನ ಬೇಸಿಗೆಯಲ್ಲಿ ಮಾವ ತೀರಿದ. ಮೂರು ದಿನ ಜ್ವರ, ಅಷ್ಟೆ. ಅವನ ದಿನಕರ್ಮದ ಊಟಕ್ಕೆ ಊರೆಲ್ಲ ಕೂಡಿದ್ದಾಗ ನಾನು ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಬತ್ತಿ ನನ್ನದು, ತಪ್ಪು ನನ್ನದು, ಮಾವನ ಕಂದೀಲು ಆರಿರಲೇ ಇಲ್ಲ ಎಂದೆ.

ಹಿರಿಯನೊಬ್ಬ ಕಣ್ಣೊರೆಸಿಕೊಂಡು, "ನೋಡ್ರಿ, ಅಳಿಯಾ ಅಂದ್ರ ಇವ. ಸತ್ತ ಮಾವನ ತಪ್ಪ ತನ್ನ ಮ್ಯಾಲೆ ಹೊತ್ಕೊಳಾಕತ್ತಾನ," ಎಂದ. ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನು ಆಣೆ ಮಾಡಿದೆ. "ಸಾಕು ಬಿಡಪಾ, ಕೂಡು, ತಿಳೀತು ನಮಗ," ಎಂದು ಕೈ ಹಿಡಿದು ನನ್ನನ್ನು ತಮ್ಮ ನಡುವೆ ಕೂಡಿಸಿಕೊಂಡರು.

ಅಂದಿನಿಂದ ಕಟ್ಟೆಗೆ ಹೋದರೆ ನನಗೆ ಸರಿದು ಜಾಗ ಕೊಡುತ್ತಾರೆ. ನಾನು ಕೂಡುವುದಿಲ್ಲ, ನಿಂತೇ ಮಾತಾಡಿ ಬರುತ್ತೇನೆ.

ಈಗ ನನಗೆ ಹರಿಗೋಲು ಎರಡು, ಬಲೆ ಆರು, ಮಕ್ಕಳು ಮೂವರು. ಸುಗ್ಗಿಗೆ ಬರುವ ಜೋಳ ನಾಲ್ಕು ಚೀಲ. ಈ ನಿಜವನ್ನು ನಾನು ಹೇಳಿದ ಮನೆಗಳು ಊರಲ್ಲಿ ಅರವತ್ತು. ನಂಬಿದ ಮನೆ ಒಂದು, ಅದು ನನ್ನದು.