ದುರುಗಮ್ಮನ ಇಪ್ಪತ್ತೇಳು ಸಾವಿರದ ಏಳುನೂರ ಇಪ್ಪತ್ತು

ಮಾನ್ವಿಯ ಹೊರಗಿನ ಇಟ್ಟಿಗೆ ಭಟ್ಟಿಯಲ್ಲಿ ಇನ್ನೂ ಸೂರ್ಯ ಮೂಡಿಲ್ಲ. ದುರುಗಮ್ಮ ಆಗಲೇ ಕೊನೆಯ ಅಟ್ಟಿಯ ಮೇಲ್ವರಸೆ ಜೋಡಿಸುತ್ತಿದ್ದಾಳೆ. ಉದ್ದಕ್ಕೆ ಹದಿನೈದು ಇಟ್ಟಿಗೆ, ಅಡ್ಡಕ್ಕೆ ಹದಿನಾಲ್ಕು, ಎತ್ತರಕ್ಕೆ ಹನ್ನೆರಡು ವರಸೆ. ಅಟ್ಟಿಗೆ ಎರಡು ಸಾವಿರದ ಐನೂರ ಇಪ್ಪತ್ತು. ಇಂಥ ಹನ್ನೊಂದು ಅಟ್ಟಿಗಳು ಸಾಲಾಗಿ ನಿಂತಿವೆ. ಹದಿನೆಂಟು ವರ್ಷಗಳಿಂದ ಇದೇ ಆಕೆಯ ಕೆಲಸ. ಓದು ಬರಹ ಬಾರದು.

ಮೊದಲು ಅಟ್ಟಿಗೆ ಎರಡೂವರೆ ಸಾವಿರ ಇಟ್ಟಿಗೆ ಇರುತ್ತಿತ್ತು. ಬಂದ ಬಂಡಿಗಳಿಗೆ ಅದನ್ನು ಸಮನಾಗಿ ಹಂಚಬೇಕು. ಏಳು ಬಂಡಿ ಬಂದರೆ ಒಂದು ಉಳಿಯುವುದು, ಎಂಟು ಬಂದರೆ ನಾಲ್ಕು, ಒಂಬತ್ತಕ್ಕೆ ಏಳು. ಬಾಡಿಗೆ ಎಲ್ಲರಿಗೂ ಒಂದೇ. ತಮ್ಮ ಎತ್ತೇ ಯಾಕೆ ಹೆಚ್ಚಿಗೆ ಎಳೆಯಬೇಕೆಂದು ಬಂಡಿಯವರು ಬಡಿದಾಡುತ್ತಿದ್ದರು. ಆರು ವರ್ಷದ ಹಿಂದೆ ಆ ನೂಕಾಟದಲ್ಲಿ ಅಟ್ಟಿ ಕುಸಿದು ದುರುಗಮ್ಮನ ಕಾಲ್ಬೆರಳು ಮುರಿಯಿತು. ಮುಂದಿನದನ್ನು ಕೇಳಿದವರಿಗೆ ಆಕೆಯೇ ಹೇಳುತ್ತಾಳೆ:

"ಕಾಲು ಮಾಯೋತನ ಮನ್ಯಾಗ ಹುಣಸಿ ಬೀಜ ಹರವಿಕೊಂಡು ಕುಂತ್ನಿರೀ. ಎರಡೂವರಿ ಸಾವಿರಕ್ಕ ದಿನಾ ಒಂದೊಂದು ಬೀಜ ಕೂಡಿಸಿ ಪಾಲು ಹಾಕಿ ನೋಡ್ತಿದ್ನಿ. ಇಪ್ಪತ್ತನೇ ದಿನ ಎರಡರಿಂದ ಹತ್ತರತನ ಯಾವ ಪಾಲು ಹಾಕಿದ್ರೂ ಒಂದ ಬೀಜ ಸೈತ ಉಳಿಲಿಲ್ಲ! ಒಬ್ಬಾಕಿನ ನಕ್ಕೊಂತ ಕುಂತ್ನಿ."

ಅಂದಿನಿಂದ ಅಟ್ಟಿಗೆ ಇಪ್ಪತ್ತು ಇಟ್ಟಿಗೆ ಹೆಚ್ಚು, ಭಟ್ಟಿಯಲ್ಲಿ ಜಗಳವಿಲ್ಲ. ಹನ್ನೆರಡು ಬಂಡಿ ಬಂದರೂ ತಲೆಗೊಂದು ವರಸೆ. ಹನ್ನೊಂದು ಮಾತ್ರ ಎಂದೂ ಬಂದಿರಲಿಲ್ಲ.

ಇಂದು, ೧೯೪೯ರ ಈ ಫೆಬ್ರುವರಿ ಬೆಳಗ್ಗೆ, ಅದೂ ಬಂದಿದೆ. ಕುರ್ಡಿಯ ಹೊಸ ಶಾಲೆಗೆ ಇಟ್ಟಿಗೆ ಒಯ್ಯಲು ಮಾಸ್ತರ ಮಹಾಂತಯ್ಯ ಹನ್ನೊಂದು ಬಂಡಿ ಕಟ್ಟಿಸಿಕೊಂಡು ಬಂದಿದ್ದಾರೆ. ಕೈಯಲ್ಲಿನ ಪಾಟಿಯ ಮೇಲೆ ಬಳಪದಿಂದ ಒಂದು ಅಟ್ಟಿಯ ಲೆಕ್ಕ ಮಾಡುತ್ತಾರೆ: ಬಂಡಿಗೆ ಇನ್ನೂರ ಇಪ್ಪತ್ತೊಂಬತ್ತು, ಉಳಿದದ್ದು ಒಂದು.

"ಆ ಒಂದು ಯಾರ ಬಂಡಿಗಿ?" ಮುಂದಿನ ಬಂಡಿಯ ಮಾಳಿಂಗಪ್ಪ ಕೆಳಗಿಳಿಯುತ್ತಾನೆ. ಹಿಂದಿನವರೂ ಇಳಿಯುತ್ತಾರೆ.

ದುರುಗಮ್ಮ ಅಟ್ಟಿಗಳ ಸಾಲನ್ನು ಒಮ್ಮೆ ನೋಡುತ್ತಾಳೆ. "ಮಾಸ್ತರ, ನಿಮ್ಮ ಹೊಸಾ ಸಾಲಿಗಿ ಎಷ್ಟು ಅಟ್ಟಿ ಬೇಕ್ರಿ?"

"ಎಲ್ಲಾ ಬೇಕವ್ವ."

"ಮತ್ಯಾಕ ಒಂದ ಅಟ್ಟಿ ಹರಿದು ಹಂಚ್ತೀರಿ? ಒಂದೊಂದು ಬಂಡಿಗಿ ಒಂದೊಂದು ಅಟ್ಟಿ! ಹತ್ತು ಸಲ ಬರ್ರಿ, ಸಲಕ್ಕ ಇನ್ನೂರಾ ಐವತ್ತೆರಡು."

ಮಾಳಿಂಗಪ್ಪ ಬೆರಳು ಮಡಚಿ ಎಣಿಸಿ, ಕೊನೆಗೆ ಗಹಗಹಿಸಿ ನಗುತ್ತಾನೆ. "ಯಪ್ಪಾ, ಈಕಿನ್ನ ಗೆಲ್ಲೋದು ಆಗಂಗಿಲ್ಲ!"

ಮಾಸ್ತರರು ಬಿಡುವುದಿಲ್ಲ. ಹನ್ನೊಂದೂ ಅಟ್ಟಿ ಕೂಡಿಸಿ ೨೭೭೨೦ ಎಂದು ಬರೆದು, ಎರಡರಿಂದ ಹನ್ನೆರಡರವರೆಗೆ ಒಂದೊಂದರಿಂದಲೂ ಭಾಗಿಸುತ್ತಾರೆ. ಪ್ರತಿ ಸಲವೂ ಶೇಷ ಸೊನ್ನೆ. "ಇದಕ್ಕಿಂತ ಸಣ್ಣ ಯಾವ ಸಂಖ್ಯೆಯೂ ಇಷ್ಟಕ್ಕೆಲ್ಲ ಸರಿಯಾಗಿ ಒಡೆಯೋದಿಲ್ಲ," ಎನ್ನುವಾಗ ಅವರ ದನಿ ಮಕ್ಕಳಂತೆ ಏರುತ್ತದೆ.

ದುರುಗಮ್ಮ ಪಾಟಿಯ ಮೇಲೆ ಬಾಗುತ್ತಾಳೆ. "ಇಷ್ಟು ಇಟ್ಟಂಗಿಗಿ ಬರೇ ಐದು ಗುರ್ತಾ?"

"ಐದೇ. ಶಾಲೆ ಏಳಲಿ, ನಿನ್ನ ಹೆಸರು ಬರೆಯೋದು ಕಲಿಸ್ತೀನಿ, ಬಾ."

"ಹೆಸರು ಆಮ್ಯಾಲ ಆಗ್ಲಿ ಬಿಡ್ರಿ," ಎನ್ನುತ್ತಾಳೆ ಆಕೆ, ಬೆರಳಿನ ಬೂದಿಯನ್ನು ಸೀರೆಗೆ ಒರೆಸಿಕೊಳ್ಳುತ್ತ. "ಮೊದ್ಲ ಇದನ್ನ ಬರಿಯಾಕ ಕಲಸ್ರಿ."